ಗಿರ್ಮಿಟ್ ತಿಂದ ಮ್ಯಾಲ 'ಇಲ್ಲ' ಅನ್ನೂದು

ಬಾಗಲಕೋಟಿ ನವನಗರದ ನಮ್ಮ ಡಿಪ್ಲೊಮಾ ಕಾಲೇಜಿನ್ಯಾಗ ಕಡೀ ವರ್ಷದ ಪ್ರಾಜೆಕ್ಟಿಗೆ ನನ್ನ ಲೀಡರ್ ಮಾಡಿದ್ರು. ಬುದ್ಧಿ ನೋಡಿ ಅಲ್ಲ, ದನಿ ಕೇಳಿ. ನಾ ನವನಗರದಾಗ ಸೀನಿದ್ರ ಹಿನ್ನೀರಿನ ಆಚಿ ಹಳೇ ಬಾಗಲಕೋಟ್ಯಾಗ ಮಂದಿ "ನೂರು ವರ್ಷ ಬಾಳಪಾ" ಅಂತಾರ. ಟೀಮಿನ್ಯಾಗ ನನ್ನ ಜೋಡಿ ಇಬ್ರು ಗೆಳ್ಯಾರು, ಮತ್ತ ಹುನಗುಂದದಿಂದ ದಿನಾ ಬಸ್ಸಿಗೆ ಬರೂ ಒಬ್ಬಾಕಿ ಹುಡುಗಿ. ಕೋಡ್ ಬರಿಯೂದು ಅವ್ರು. ನಾ ಲೀಡರ್. ನಂಗ ಬರೂದು ಅದೊಂದ. ಅದೂ ಹೋದ್ರ ನಾ ಟೀಮಿನ್ಯಾಗ ಕುರ್ಚಿ ಇದ್ದಂಗ.

ಇಳಕಲ್ಲಿನ ಒಂದು ಸೀರಿ ಅಂಗಡಿಗೆ ಆ್ಯಪ್ ಮಾಡಬೇಕಿತ್ತು. ಸೀರಿ ಫೋಟೋ, ರೇಟು, ಇಷ್ಟ. ಆದ್ರ ಅಂಗಡಿ ಕಾಕಾ ಭಾಳ ಶಾಣ್ಯಾ. ನಾವು ಹೋದ ಕೂಡ್ಲೇ ಚುರಮರಿ ಕಲಸಿದ ಗಿರ್ಮಿಟ್, ಮಿರ್ಚಿ ಭಜಿ, ಚಾ. ಪ್ಲೇಟ್ ಖಾಲಿ ಆದ ಮ್ಯಾಲ ಮಾತು ತಗೀತಿದ್ದ.

"ತಮ್ಮಾ, ಒಂದು ಸೀರಿಗೆ ಇನ್ನೊಂದು ಸೆರಗು ಹಚ್ಚಿ ನೋಡೂಹಂಗ ಆಗ್ತೈತೇನು?"

"ಆಗ್ತೈತ್ರಿ ಕಾಕಾರ."

"ಆ್ಯಪ್ ತಗದ್ರ 'ಬರ್ರಿ ಅಕ್ಕಾರ' ಅನಬೇಕು."

"ಅನಸೂಣ್ರಿ."

ನಮ್ ಕಡೆ ಒಬ್ರ ಉಪ್ಪು ತಿಂದು ಅವ್ರ ಮಾರಿ ಮ್ಯಾಲ 'ಇಲ್ಲ' ಅನ್ನಾಕ ಬಾಯಿ ಬರಂಗಿಲ್ಲ. ನಾ ತಿಂದ ಗಿರ್ಮಿಟ್ ಒಟ್ಟು ಮಾಡಿದ್ರ ಬಾದಾಮಿ ಗುಡ್ಡದಷ್ಟು ಆಗ್ತಿತ್ತು, ಹಂಗ ಹೂಂ ಅಂದದ್ದೂ ಅಷ್ಟ. ಇನ್ನೊಂದು ತಿಂಗಳು ಬಿಟ್ಟಿದ್ರ ಕಾಕಾ ಆ್ಯಪಿನ್ಯಾಗ ಕುಬಸಾನೂ ಹೊಲಸ್ತಿದ್ದ.

ಕಡೀಕ ಆ್ಯಪ್ ತಗದ್ರ "ಬರ್ರಿ ಅ—" ಅಂದು ಬಂದ್ ಆಗಾಕ ಹತ್ತಿತು. ಪ್ರಾಜೆಕ್ಟ್ ನೋಡಿ ಮಾರ್ಕ್ಸ್ ಹಾಕೂ ಸರ್‌ಗೆ ತೋರಸೂ ದಿನ ಹತ್ರ ಬಂದಿತ್ತು.

"ಲೇ, ಹಿಂಗಾದ್ರ ನಾವು ಬ್ಯಾರೆ ಟೀಮ್ ನೋಡ್ಕೋತೀವಿ," ಅಂದ್ರು ಗೆಳ್ಯಾರು. ನಂಗ ಏನೂ ಅನ್ನಿಸ್ಲಿಲ್ಲ. ಹಲ್ಲು ಕೀಳೂ ಮುಂದ ಡಾಕ್ಟರ್ ಸೂಜಿ ಚುಚ್ಚಿದ ಮ್ಯಾಲ ವಸಡು ಹೆಂಗ ಮರಗಟ್ಟಿರ್ತೈತಿ, ಹಂಗ ಇದ್ದೆ.

ಮತ್ತ ಇಳಕಲ್ಲಿಗೆ ಹೋದ್ವಿ. ಪ್ಲೇಟ್ ಬಂತು. ಆ ಹುಡುಗಿ ಮುಟ್ಟಲಿಲ್ಲ.

"ಯಾಕವಾ ತಂಗಿ?"

"ಒಪ್ಪತ್ತೈತ್ರಿ ಕಾಕಾರ."

"ಇವತ್ತ ಬುಧವಾರಲ್ಲೇನು?"

"ಹೌದ್ರಿ. ನಂದು ಬುಧವಾರನ."

ಕಾಕಾ ಅಕಿ ಪ್ಲೇಟ್ ನನ್ನ ಕಡೆ ಸರಿಸಿದ. ಆಮ್ಯಾಲ ಅಂದ, "ಈಗ ನೋಡ್ರಿ, ಗಿರಾಕಿ ಮಾರಿ ಫೋಟೋ ಹಾಕಿದ್ರ ಸೀರಿ ಉಟ್ಟಂಗ ಕಾಣಬೇಕು."

ನಾ 'ಆಗ್ತೈತ್ರಿ' ಅನ್ನಾಕ ಬಾಯಿ ತಗದೆ. ಬಾಯಾಗ ಮಿರ್ಚಿ ಇತ್ತು.

"ಆಗಂಗಿಲ್ರಿ," ಅಂದ್ಲು ಅಕಿ. "ಅದೂ ಆಗಂಗಿಲ್ಲ, ಸೆರಗು ಬದಲಿ ಮಾಡೂದೂ ಆಗಂಗಿಲ್ಲ, 'ಬರ್ರಿ ಅಕ್ಕಾರ'ನೂ ತಗೀತೀವಿ. ಫೋಟೋ ಕಾಣ್ತಾವ, ರೇಟು ಕಾಣ್ತೈತಿ, ಒತ್ತಿದ್ರ ನಿಮಗ ಫೋನ್ ಬರ್ತೈತಿ. ಇಷ್ಟು ಗಟ್ಟಿ ಮಾಡಿ ಕೊಡ್ತೀವ್ರಿ."

ಈಗ ನಮ್ಮನ್ನ ಹೊರಗ ಹಾಕ್ತಾನ ಅನ್ಕೊಂಡೆ. ಕಾಕಾ ನನ್ನ ಕಡೆ ನೋಡಿದ.

"ಇದನ್ನ ಮೊದಲ ಯಾಕ ಹೇಳಲಿಲ್ಲೋ ತಮ್ಮಾ? ಆಗ್ತೈತಿ ಅಂದಿ, ನಾ ಕೇಳ್ಕೋತ ಹೋದೆ." ಆಮ್ಯಾಲ ಅಕಿಗೆ, "ನಿನ್ನ ನಂಬರ್ ಕೊಡವಾ."

ವಾಪಸ್ ಬರೂಮುಂದ ಬಸ್ಸಿನ್ಯಾಗ ಕೇಳಿದೆ, "ಖರೆ ಬುಧವಾರ ಒಪ್ಪತ್ತು ಇರ್ತೀ?"

"ಹುಚ್ಚ ಅದಿ ಏನು? ತಿಂದಿದ್ರ ನಾನೂ ಹೂಂ ಅಂತಿದ್ದೆ." ಅಷ್ಟಂದು ಚೀಲದಾಗಿನ ರೊಟ್ಟಿ ಸುರುಳಿ ತಗದು ತಿನ್ನಾಕ ಹತ್ತಿದ್ಲು.

ಮುಂದಿನ ಸೀಟಿನ ಗೆಳ್ಯಾರು ಹೊಳ್ಳಿ ಕುಂತ್ರು, ನನ್ನ ದಾಟಿ ಅಕಿ ಕಡೆ. "ನಾಳೆ ಏನ್ ಮಾಡೂಣು?" ಅಕಿ ಒಬ್ಬಂಗ ಹಳೇ ಕೋಡ್ ಕಿತ್ತಾಕು ಅಂದ್ಲು, ಇನ್ನೊಬ್ಬಂಗ ಫೋನ್ ಬಟನ್ ನೋಡು ಅಂದ್ಲು. ಇಬ್ರೂ ಹೂಂ ಅಂದ್ರು. ಬ್ಯಾರೆ ಟೀಮಿನ ಮಾತು ಯಾರೂ ತಗೀಲಿಲ್ಲ. ಲೀಡರ್ ಯಾರು ಅಂತನೂ ಯಾರೂ ಕೇಳಲಿಲ್ಲ. ಕೇಳಿದ್ರ ನಂಗ ಏನರ ಅನ್ನಿಸ್ತಿತ್ತೇನೋ.

ಹುನಗುಂದದಾಗ ಇಳಿಯೂಮುಂದ ನನಗೂ ಒಂದು ಕೆಲಸ ಹೇಳಿದ್ಲು. "ನೀ ನಾಳೆ ಇಳಕಲ್ಲಿಗೆ ಹೋಗಿ ಸೀರಿ ಫೋಟೋ ತಗಿ. ಸೆರಗು ಪೂರ್ತಿ ಕಾಣಬೇಕು."

"ಆತು," ಅಂದೆ.

ಮರುದಿನ ಹೋದೆ. ಮಧ್ಯಾಹ್ನದ ತನಕ ಸೀರಿ ಬಿಚ್ಚಿ ಹಾಸಿ, ಫೋಟೋ ತಗದು ಅಕಿಗೆ ಕಳಸಿದೆ. ನಾಕು ಫೋಟೋ ನೆಟ್ಟಗ ಬಂದಿಲ್ಲ ಅಂತ ಮೆಸೇಜ್ ಬಂತು. ಮತ್ತ ತಗದೆ.