ಬಾಯಿ ತೆರೆಸಲು ಹೋದ ದಿನ

ಪಾರ್ಶ್ವವಾಯು ಹೊಡೆದಿದ್ದ ನನ್ನ ಮಾವನವರನ್ನು, ಎಂದರೆ ಗಂಡನ ತಂದೆಯನ್ನು, ಹೊಸಪೇಟೆಯ ಆಸ್ಪತ್ರೆಯಿಂದ ಕಂಪ್ಲಿಯ ಮನೆಗೆ ಕರೆತಂದ ಮೂರನೆಯ ದಿನ ಅವರು ನನ್ನ ಬೆರಳು ಕಚ್ಚಿದರು. ತೀರಾ ಸೊರಗಿದ್ದರು. ಹೇಗಾದರೂ ಹೊಟ್ಟೆಗೆ ಸೇರಲಿ ಎಂದು ನೀರಾದ ಗಂಜಿಯನ್ನು ಚಮಚದ ಮೇಲೆ ಚಮಚ ಸುರಿಯುತ್ತಿದ್ದೆ. ಬಾಯಿ ಬಿಗಿದಾಗ ಬೆರಳು ತೂರಿಸಿದೆ. ಹಲ್ಲು ಚರ್ಮ ಸೀಳಿತು. ಬಿಡಿಸಿಕೊಳ್ಳಲಾಗದೆ ಇನ್ನೊಂದು ಕೈಯಿಂದ ಕೆನ್ನೆಗೆ ಹೊಡೆದೆ. ಬಾಯಿ ಬಿಟ್ಟರು. ಆದರೂ ನಾನು ನಿಲ್ಲಿಸದೆ ಮತ್ತೆರಡು ಏಟು ಕೊಟ್ಟೆ. ನನ್ನ ರಕ್ತವೂ ಗಂಜಿಯೂ ಅವರ ಅಂಗಿಯ ಮೇಲೆ ಹರಿದವು.

ಒಂದು ಕಾಲಕ್ಕೆ ಅಕ್ಕಿ ಗಿರಣಿಯ ಹಮಾಲರ ಮೇಲೆ ಕೈಯೆತ್ತುತ್ತಿದ್ದ ಮಾವ ಕೆಮ್ಮುತ್ತಾ ನೀಲಿಗಟ್ಟಿದರು.

ಸದ್ದಿಗೆ ಓಡಿಬಂದ ಪಕ್ಕದ ಮನೆಯ ನರ್ಸ್ ಅವರನ್ನು ಮುಂದಕ್ಕೆ ಬಾಗಿಸಿ ಬೆನ್ನಿಗೆ ಬಡಿದರು. ಉಸಿರು ಮರಳಿತು.

"ತೆಳು ಗಂಜಿ ಉಸಿರಿನ ದಾರ್ಯಾಗ ಇಳದೈತ್ರಿ. ಅದಕ್ಕ ಬಾಯಿ ಮುಚ್ಚ್ಯಾರ. ಹೆಸರುಬ್ಯಾಳಿ ಹಾಕಿ ಗಟ್ಟಿ ಮಾಡ್ರಿ. ನೆಟ್ಟಗ ಕುಂದ್ರಿಸಿ, ಒಂದು ನುಂಗಿದ ಮ್ಯಾಲೆ ಇನ್ನೊಂದು ಚಮಚ ಕೊಡ್ರಿ."

"ಹೊಡದೆನ್ರಿ ನಾನು," ಎಂದೆ.

"ಕೆನ್ನಿ ನೋಡಿದೆ," ಎಂದರು ಆಕೆ.

ಸಂಜೆ ಗಟ್ಟಿ ಗಂಜಿ ಹಿಡಿದು ಎದುರು ಕುಳಿತೆ. ನನ್ನ ಕೈ ಮೇಲೇಳುತ್ತಲೇ ಮಾವ ಮುಖ ತಿರುಗಿಸಿ ಎಡಗೈ ಅಡ್ಡ ಹಿಡಿದರು. ಆ ಕೈ ತಾನಾಗಿ ಇಳಿಯುವವರೆಗೂ ಕಾದೆ. ಎಂಟು ಚಮಚ ಉಂಡರು.