ಬಟ್ಲರ್ ಮಾಮಾ ಓದಿದ ತಾರು

ಮೊನ್ನೆ ಸೊಸೆ ಸಿಂಧನೂರು ಪೇಟೆಯಿಂದ ಖರ್ಜೂರದ ಡಬ್ಬಿ ತಂದಳು. ಮುಚ್ಚಳ ತೆಗೆದದ್ದೇ ತಡ, ಆ ಅಂಟಂಟು ಸಿಹಿ ವಾಸನೆ ಮೂಗಿಗೆ ಬಡಿದು ನಾನೊಬ್ಬಳೇ ನಗತೊಡಗಿದೆ. ಸೊಸೆ ಗಾಬರಿಯಾದಳು. ಅವಳಿಗೆ ಹೇಳಬೇಕೆಂದರೆ ನಿಜಾಮನ ಕಾಲಕ್ಕೆ, ಮಸ್ಕಿಯ ನಮ್ಮ ಓಣಿಗೇ ಹೋಗಬೇಕು...

ನಮ್ಮ ಪಕ್ಕದ ಮನೆಯ ಮುದುಕರು ಸಿಕಂದರಾಬಾದಿನಲ್ಲಿ ಒಬ್ಬ ಗೋರಾ ಸಾಹೇಬನ ಬಂಗಲೆಯ ಅಡುಗೆಮನೆ ನೋಡಿಕೊಂಡು ಅರ್ಧ ಆಯುಷ್ಯ ಕಳೆದು ಊರಿಗೆ ಮರಳಿದವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಓಣಿಗೆಲ್ಲ ಅವರು ಬಟ್ಲರ್ ಮಾಮಾ. ಶಾಲೆಯಲ್ಲಿ ಉರ್ದು ನಡೆಯುತ್ತಿದ್ದ ನಮ್ಮೂರಲ್ಲಿ ಇಂಗ್ಲಿಷ್ ಬಲ್ಲವರೆಂದರೆ ಅವರೊಬ್ಬರೇ. ಆದರೆ ಅವರು ಅಕ್ಷರ ಕಲಿತದ್ದು ಸಾಹೇಬನ ಡಬ್ಬಿಗಳ ಮೇಲಿನ ಚೀಟಿ ಓದಿ. ಹಾಗಾಗಿ ಅವರ ಪಾಲಿಗೆ ಇಂಗ್ಲಿಷಿನ ಒಂದು ಶಬ್ದಕ್ಕೆ ಒಂದೇ ಅರ್ಥ, ಅದೂ ಅಡುಗೆಮನೆಯದು. ಚೈನಾದ ಮೇಲೆ ಬಾಂಬು ಬಿದ್ದಿವೆಯಂತೆ ಎಂದು ಯಾರೋ ಸುದ್ದಿ ತಂದಾಗ, "ಅಯ್ಯ, ಎಷ್ಟು ಪಿಂಗಾಣಿ ಬಸಿ ಒಡದಾವೋ ಏನೋ!" ಎಂದು ನಿಜವಾಗಿಯೂ ಮರುಗಿದ್ದರು.

ಆಗ ಅಕ್ಕನಿಗೆ ಹೈದರಾಬಾದಿನ ಸಂಬಂಧ ಕೂಡಿಬಂದಿತ್ತು. ವರ ರೇಲ್ವೆಯಲ್ಲಿ ಗುಮಾಸ್ತ. ಹುಡುಗಿಯನ್ನು ನೋಡಿ ಹೋದವರು ಒಪ್ಪಿಗೆ ತಿಳಿಸುತ್ತೇವೆ ಎಂದಿದ್ದರು. ಒಂದು ದಿನ ಲಿಂಗಸುಗೂರಿನಿಂದ ಟಪಾಲಿನವನು ಸೈಕಲ್ ಮೇಲೆ ತಾರು, ಅಂದರೆ ಟೆಲಿಗ್ರಾಂ, ತಂದ. ತಾರೆಂದರೆ ಸಾವಿನ ಸುದ್ದಿಯೇ ಎಂದು ಅವ್ವ ಅಳು ಶುರುಮಾಡಿದಳು. ಅಪ್ಪ ಮಾಮಾನನ್ನು ಕರೆಸಿದ. ಅದರಲ್ಲಿದ್ದದ್ದು ಮೂರೇ ಶಬ್ದ: ಅಗ್ರೀಡ್ ವಾಯರ್ ಡೇಟ್.

ಮಾಮಾ ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು, ಓದಿ ನಕ್ಕರು. "ಅಳಬ್ಯಾಡವ್ವಾ, ಒಪ್ಯಾರ. ತಂತಿ ಮತ್ತ ಖರ್ಜೂರ ಕಳಸ್ರಿ ಅಂದಾರ."

"ಖರ್ಜೂರ ಇರ್ಲಿ. ತಂತಿ ಯಾಕ್ರಿ ಮಾಮಾ?" ಅಪ್ಪ ತಲೆ ಕೆರೆದುಕೊಂಡ.

"ಶಹರದ ಮಂದಿ. ಹಂದರಕ್ಕ ದೀಪಾ ಕಟ್ಟಾಕ ಬೇಕಾಗಿರಬೇಕು. ದಪ್ಪಂದs ಕಳಸ್ರಿ. ರೇಲ್ವೆದವರಿಗೆ ತೆಳ್ಳಂದು ಕಣ್ಣಿಗೇ ಕಾಣಂಗಿಲ್ಲ."

ಲಿಂಗಸುಗೂರಿನಿಂದ ಒಳ್ಳೆಯ ಖರ್ಜೂರ ಬಂತು. ತೋಳಿನಷ್ಟು ಅಗಲದ ತಂತಿಯ ಸುರುಳಿಯೂ ಬಂತು. ಅವ್ವ ಎರಡಕ್ಕೂ ಅರಿಷಿಣ ಕುಂಕುಮ ಹಚ್ಚಿದಳು. ಅರಳೆ ವ್ಯಾಪಾರಕ್ಕೆ ಹೊರಟಿದ್ದ ಒಬ್ಬರ ಕೈಯಲ್ಲಿ ಗಂಟು ಹೈದರಾಬಾದಿಗೆ ಹೋಯಿತು. ಆಮೇಲೆ ಆ ಕಡೆಯಿಂದ ಸುದ್ದಿಯೇ ಇಲ್ಲ.

ತಿಂಗಳಾದ ಮೇಲೆ ಉರ್ದುವಿನಲ್ಲಿ ಪತ್ರ ಬಂತು. ಶಾಲೆಯ ಮುನ್ಶಿ ಅದನ್ನು ಓದಿ ಹೇಳಿದರು. "ಮುಹೂರ್ತದ ತಾರೀಖನ್ನು ತಾರು ಮಾಡಿ ಎಂದು ಕೇಳಿದರೆ ತಂತಿ ಕಳಿಸಿ ಚೇಷ್ಟೆ ಮಾಡಿದ್ದೀರಿ. ಮನಸ್ಸಿಲ್ಲದಿದ್ದರೆ ನೇರವಾಗಿ ಹೇಳಬೇಕಿತ್ತು. ನಾವು ಬೇರೆ ಕಡೆ ನೋಡುತ್ತೇವೆ."

ಅಕ್ಕ ಒಳಗೆ ಹೋಗಿ ಕದ ಹಾಕಿಕೊಂಡಳು. ಅಪ್ಪ ನೇರ ಮಾಮಾನ ಅಂಗಳಕ್ಕೆ ನಡೆದ. ಓಣಿಯೆಲ್ಲ ಕೇಳುವಂತೆ ಕೂಗಾಡಿ, ಕೊನೆಗೆ, "ನನ್ನ ಮಗಳ ಬಾಳೇ ಹಾಳ ಮಾಡಿದ್ರಿ. ನಿಮ್ಮ ಇಂಗ್ಲಿಷ್ ತಗೊಂಡು ಹೋಗಿ ಬಾವಿ ಬೀಳ್ರಿ!" ಎಂದುಬಿಟ್ಟ. ಮರುದಿನ ನೋಡಿದರೆ ಮಾಮಾನ ಮನೆಗೆ ಬೀಗ.

ನಾಲ್ಕನೆಯ ದಿನ ಮತ್ತೊಂದು ತಾರು ಬಂತು. ಈಗ ಓದುವವರು ಯಾರು? ಮುನ್ಶಿಯ ಹತ್ತಿರ ಹರಕು ಇಂಗ್ಲಿಷ್ ಶಬ್ದಕೋಶ ಒಂದಿತ್ತು. ಕೆಳಗೆ ಮಾಮಾನ ಹೆಸರು, ಮೇಲೆ ಎರಡೇ ಶಬ್ದ: ಆಲ್ ವೆಲ್. ಮುನ್ಶಿ ಬೆರಳು ನೆಕ್ಕಿ ಹಾಳೆ ತಿರುವಿ ಹುಡುಕಿದರು. "ಆಲ್ ಅಂದ್ರ ಎಲ್ಲಾ. ವೆಲ್ ಅಂದ್ರ..." ಅವರ ದನಿ ಇಳಿಯಿತು. "ವೆಲ್ ಅಂದ್ರ ಬಾವಿ."

ಅಪ್ಪ ಹಗ್ಗ ಹುಡುಕತೊಡಗಿದ. "ನಾನs ಅಂದೆನಲ್ಲೋ... ನನ್ನ ನಾಲಿಗಿ ಸೀದು ಹೋಗ್ಲಿ." ಬಾವಿಗೆ ಬಿದ್ದವರು ತಾರು ಹೇಗೆ ಮಾಡುತ್ತಾರೆ ಎಂದು ಆ ಗದ್ದಲದಲ್ಲಿ ಯಾರಿಗೂ ಹೊಳೆಯಲಿಲ್ಲ. ಹಗ್ಗ, ಪಾತಾಳಗರಡಿ ಹಿಡಿದು ಊರಿನ ಬಾವಿಗಳನ್ನೆಲ್ಲ ಜಾಲಾಡಿದರು. ಸಂಜೆಯ ಹೊತ್ತಿಗೆ ದೊಡ್ಡ ಬಾವಿಯ ಸುತ್ತ ಅರ್ಧ ಊರು ನೆರೆದಿತ್ತು. ಸಿಕ್ಕದ್ದು ಮೂರು ಕೊಡ, ಒಂದು ತಂಬಿಗೆ.

ಅಷ್ಟರಲ್ಲಿ ಹಿಂದಿನಿಂದ ಒಂದು ದನಿ ಕೇಳಿತು. "ಯಾರು ಬಿದ್ದಾರ್ರಿ, ಪಾಪ?"

ತಿರುಗಿದರೆ ಬಿಳಿ ಕೋಟು ತೊಟ್ಟು, ಕೈಯಲ್ಲಿ ಗಂಟು ಹಿಡಿದು ಮಾಮಾ ನಿಂತಿದ್ದರು. ಅವ್ವ ಚೀರಿದಳು. ಅಪ್ಪ ಹಗ್ಗ ಬಿಟ್ಟು ಅವರನ್ನು ತಬ್ಬಿಕೊಂಡು, "ನೀವs ಬಿದ್ದೀರಿ!" ಎಂದು ಅತ್ತ.

ಮಾಮಾ ಹೈದರಾಬಾದಿಗೆ ಹೋಗಿದ್ದರು. ವರನ ಮನೆಯವರೆದುರು ನಿಂತು ತಪ್ಪು ತಮ್ಮದೆಂದು ಹೇಳಿದ್ದರು. ಮೊದಲು ಯಾರೂ ನಂಬಲಿಲ್ಲವಂತೆ. ಆಮೇಲೆ ವರನೇ ನಕ್ಕನಂತೆ, ಅವನ ಹಿಂದೆ ಮನೆಯೆಲ್ಲ ನಕ್ಕಿತಂತೆ. "ನಕ್ಕ ಮ್ಯಾಲ ಸಿಟ್ಟು ಎಲ್ಲಿ ಉಳೀತದ? ಎಲ್ಲಾ ಛೊಲೋ ಆತು ಅಂತ ಅಲ್ಲಿಂದನs ತಾರು ಮಾಡಸೀನಿ" ಎಂದರು. ಮುನ್ಶಿ ಮೆಲ್ಲಗೆ ಶಬ್ದಕೋಶ ಮುಂದೆ ಮಾಡಿದರು. ಮಾಮಾ ಅದನ್ನು ನೋಡಿ, "ಸಾಹೇಬ ಮುಂಜಾನಿಗೊಮ್ಮಿ ಸಂಜಿಗೊಮ್ಮಿ ನನಗ 'ವೆರಿ ವೆಲ್' ಅಂತಿದ್ದ. ದಿನಾ ಬಾವಿ ಬಗ್ಗೆ ಮಾತಾಡ್ತಿದ್ದನೇನ್ರಿ?" ಎಂದರು.

ಅಕ್ಕನ ಮದುವೆಯಾಯಿತು. ಹಂದರಕ್ಕೆ ದೀಪ ಕಟ್ಟಲು ಬೀಗರು ಅದೇ ತಂತಿಯನ್ನು ಹೊತ್ತು ತಂದಿದ್ದರು.

ನಿಜಾಮನ ಆಳ್ವಿಕೆ ಮುಗಿದ ಮೇಲೆ ನಾನು ರಾಯಚೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಇಂಗ್ಲಿಷ್ ಕಲಿತೆ. ರಜೆಗೆ ಬಂದಾಗಲೆಲ್ಲ ಮಾಮಾ ಕಟ್ಟೆಯ ಮೇಲೆ ಕೂರಿಸಿಕೊಂಡು, "ಎರಡು ಅರ್ಥದ್ದು ಒಂದು ಹೇಳು ತಂಗಿ" ಎನ್ನುತ್ತಿದ್ದರು. ಹೇಳಿದರೆ ಕೈಚಪ್ಪಾಳೆ ತಟ್ಟಿ, "ನನಗ ಒಂದs ಗೊತ್ತಿತ್ತು ನೋಡು!" ಎಂದು ಮಗುವಿನಂತೆ ಖುಷಿಪಡುತ್ತಿದ್ದರು. ಒಂದು ಬೇಸಿಗೆಯಲ್ಲಿ ನಾನು 'ಬಾರ್ಕ್' ಎಂಬ ಶಬ್ದವನ್ನು ಅವರಿಗೆಂದೇ ಜೋಪಾನವಾಗಿ ತಂದಿದ್ದೆ. ನಾಯಿ ಬೊಗಳುವುದೂ ಅದೇ, ಮರದ ತೊಗಟೆಯೂ ಅದೇ. ಬಂದು ನೋಡಿದರೆ ಕಟ್ಟೆ ಖಾಲಿ. ಅವರು ತೀರಿಕೊಂಡು ವಾರವಾಗಿತ್ತು...

ಈಗ ಅಪ್ಪ, ಅವ್ವ, ಅಕ್ಕ ಯಾರೂ ಇಲ್ಲ. ಇಷ್ಟು ವರ್ಷ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ ನಾನು ಆ ಶಬ್ದವನ್ನು ಎಷ್ಟು ಸಲ ಹೇಳಿಕೊಟ್ಟಿದ್ದೇನೋ ಲೆಕ್ಕವಿಲ್ಲ. ಎಲ್ಲರೂ ಬರೆದುಕೊಂಡರು. "ಹಂಗಾದ್ರ ಮರಾನೂ ಬೊಗಳ್ತದೇನ ತಂಗಿ?" ಎಂದು ಒಬ್ಬರೂ ಕೇಳಲಿಲ್ಲ.