ನಂಜಿಯ ಎಲೆಗೆ ಏನು ಬಡಿಸಬೇಕು?

೧೯೨೯ನೇ ಇಸವಿಯ ಚಳಿಗಾಲದಲ್ಲಿ ನನ್ನ ಹೆಂಡತಿ ನಂಜಮ್ಮ ಜ್ವರ ಬಂದು ತೀರಿಕೊಂಡಳು. ಆಗ ನಾನು ಊಟಿಯ ಮಾರ್ಕೆಟ್ಟಿನ ಹತ್ತಿರ ಒಂದು ಆಲೂಗಡ್ಡೆ ಮಂಡಿಯಲ್ಲಿ ಗುಮಾಸ್ತನಾಗಿದ್ದೆ. ನಮ್ಮದು ಗುಂಡ್ಲುಪೇಟೆ ಕಡೆ. ಮದುವೆಯಾದ ಹೊಸದರಲ್ಲಿ ಇಬ್ಬರೂ ಘಾಟಿ ಹತ್ತಿ ಬಂದವರು ಅಲ್ಲೇ ನಿಂತುಬಿಟ್ಟಿದ್ದೆವು. ಮಕ್ಕಳಾಗಲಿಲ್ಲ. ಅವಳು ಹೋದ ಮೇಲೆ ಮನೆಯಲ್ಲಿ ನಾನೊಬ್ಬನೇ.

ನಮ್ಮಲ್ಲಿ ತೀರಿಕೊಂಡವರಿಗೆ ಎಡೆ ಇಡುವ ಪದ್ಧತಿ ಇದೆ. ಅವರಿಗೆ ಇಷ್ಟವಾದದ್ದನ್ನು ಎಲೆಯ ಮೇಲೆ ಬಡಿಸಿ, ದೀಪ ಹಚ್ಚಿ, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ಕೂರುತ್ತಾರೆ. ಹೋದವರು ಬಂದು ಉಂಡು ಹೋಗಲಿ ಎಂದು. ಆಮೇಲೆ ಮನೆಯವರು ಅದನ್ನು ಹಂಚಿಕೊಂಡು ತಿನ್ನುತ್ತಾರೆ. ತಿಥಿ ಮುಗಿದ ಮೇಲೆ ಅಮಾವಾಸ್ಯೆಗೆ ಮಾತ್ರ ಇಟ್ಟರೆ ಸಾಕು ಎಂದು ಹಿರಿಯರು ಹೇಳಿದ್ದರು. ನನಗೆ ಮನಸ್ಸಾಗಲಿಲ್ಲ. ದಿನವೂ ಎರಡು ಮುತ್ತುಗದ ಎಲೆ ಹಾಕಿದೆ, ಒಂದು ನನಗೆ, ಒಂದು ನಂಜಿಗೆ.

ನಂಜಿಗೆ ಒಬ್ಬಟ್ಟು ಎಂದರೆ ಪ್ರಾಣ ಎಂದು ನಾನು ತಿಳಿದಿದ್ದೆ. "ಯಾಕೋ ಒಬ್ಬಟ್ಟಿನ ಮೇಲೆ ಆಸೆಯಾಗಿದೆ ಕಣ್ರೀ" ಎಂದು ತಿಂಗಳಿಗೆರಡು ಸಲವಾದರೂ ಅವಳೇ ಕಣಕ ಕಲಸುತ್ತಿದ್ದಳು. ನನಗೆ ಅಷ್ಟೆಲ್ಲ ಅಡಿಗೆ ಬರುವುದಿಲ್ಲ. ಮಾರ್ಕೆಟ್ಟಿನ ಹೋಟೆಲಿನಿಂದ ಒಬ್ಬಟ್ಟು ತರುತ್ತಿದ್ದೆ, ಅದಿಲ್ಲದ ದಿನ ಜಿಲೇಬಿ. ಅವಳ ಎಲೆಗೆ ಬಡಿಸಿ, ಮೇಲೆ ತುಪ್ಪ ಹಾಕಿ, ಹೊರಗೆ ಜಗಲಿಯ ಮೇಲೆ ಕೂತು, ಒಳಗೆ ಬಂದು ನನ್ನ ಎಲೆಯನ್ನೂ ಅವಳ ಎಲೆಯನ್ನೂ ನಾನೇ ಮುಗಿಸುತ್ತಿದ್ದೆ. ಹಂಚಿಕೊಳ್ಳಲು ಯಾರೂ ಇರಲಿಲ್ಲ. ಒಂದು ದಿನ ಹಸುವಿಗೆ ಹಾಕಿ ನೋಡಿದೆ. ಅವಳನ್ನೇ ಬೀದಿಗೆ ಹಾಕಿದ ಹಾಗೆ ಅನ್ನಿಸಿತು.

ಮೊದಲೇ ನಾನು ದಪ್ಪ. ಮಂಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಗಾದಿಯ ಮೇಲೆ ಕೂರುವ ಕೆಲಸ. ಬೇಸಿಗೆಯ ಹೊತ್ತಿಗೆ ಕೋಟಿನ ಗುಂಡಿ ಹಾಕಲು ಬರಲಿಲ್ಲ. "ಗುಮಾಸ್ತರು ತಕ್ಕಡಿ ಹತ್ರ ಬರಬೇಡಿ, ಮುಳ್ಳು ತಿರುಗಿಬಿಡುತ್ತೆ" ಎಂದು ಮೂಟೆ ಹೊರುವವರು ತಮಾಷೆ ಮಾಡುತ್ತಿದ್ದರು. ಒಂದು ದಿನ ಮಾರ್ಕೆಟ್ಟಿನ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬಂದು ಅಲ್ಲೇ ಕುಸಿದು ಕೂತೆ. ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ ಹೇಳಿದರು: "ಸಿಹಿ, ತುಪ್ಪ ಬಿಡಿ. ದಿನಾ ನಡೆಯಿರಿ. ಹೀಗೇ ಇದ್ದರೆ ನಿಮ್ಮ ಎದೆ ಬಹಳ ದಿನ ತಾಳುವುದಿಲ್ಲ."

ಡಾಕ್ಟರ ಮಾತು ಕೇಳಬೇಕಾದರೆ ನಂಜಿಯ ಎಲೆ ಎತ್ತಿಡಬೇಕು. ಎಲೆ ಹಾಕಿದರೆ ನಾನೇ ಉಣ್ಣಬೇಕು. ಬೆಳಿಗ್ಗೆ ಕೆರೆಯ ಕಡೆ ನಡೆಯಲು ಹೊರಟರೆ, ಯಾಕಾಗಿ ನಡೆಯುತ್ತಿದ್ದೇನೆ, ಬದುಕಿ ಏನು ಮಾಡಲಿ ಎನ್ನಿಸಿ ಅರ್ಧ ದಾರಿಯಿಂದ ತಿರುಗಿ ಬರುತ್ತಿದ್ದೆ. ಬರುವಾಗ ಹೋಟೆಲು ದಾರಿಯಲ್ಲೇ ಸಿಗುತ್ತಿತ್ತು.

ಆ ಅಮಾವಾಸ್ಯೆಗೆ ನಂಜಿಯ ತಾಯಿ, ನಮ್ಮ ಅತ್ತೆ, ಗುಂಡ್ಲುಪೇಟೆಯಿಂದ ಬಂದರು. ನಾನು ಎಡೆ ಬಡಿಸುವುದನ್ನು ನೋಡುತ್ತಾ ಕೂತಿದ್ದವರು ಕೇಳಿದರು: "ಅದ್ಯಾಕೆ ಅಳಿಯಂದ್ರೆ, ಈ ಒಬ್ಬಟ್ಟು ಯಾರಿಗೆ?"

"ನಂಜಿಗೆ ಅತ್ತೆ. ಅವಳಿಗೆ ಇಷ್ಟವಲ್ಲವಾ?"

"ನಂಜಿಗಾ? ಅವ್ಳು ಹುಟ್ಟಿದಾಗಿಂದ ಸಿಹಿ ಮುಟ್ಟಿದೋಳಲ್ಲ. ಬೆಲ್ಲ ತಿಂದ್ರೆ ಹಲ್ಲು ಜುಮ್ಮನ್ನುತ್ತೆ ಅಂತ ಹಬ್ಬದ ದಿನಾನೂ ಮಜ್ಜಿಗೆ ಅನ್ನ ಉಣ್ಣೋಳು. ಒಬ್ಬಟ್ಟು ಇಷ್ಟ ಅಂತ ಹೇಳಿದ್ದು ಯಾರು?"

"ಅವಳೇ" ಎಂದೆ.

ಅತ್ತೆ ನನ್ನ ಹೊಟ್ಟೆಯನ್ನೊಮ್ಮೆ ನೋಡಿದರು.

ನನಗೆ ದಿಕ್ಕು ತೋಚದಂತಾಯಿತು. ಅವಳು ಒಬ್ಬಟ್ಟು ತಿನ್ನುವುದನ್ನು ನಾನು ಯಾವತ್ತಾದರೂ ಕಂಡಿದ್ದೆನೆ? ನನಗೆ ಬಡಿಸಿದ ಮೇಲೆ ಅವಳು ಒಳಗೆ ಉಣ್ಣುತ್ತಿದ್ದಳು. "ತಿಂದೆಯಾ?" ಎಂದರೆ "ಹೊಟ್ಟೆ ತುಂಬ" ಎನ್ನುತ್ತಿದ್ದಳು. ಹಾಗಾದರೆ ಅವಳಿಗೆ ಇಷ್ಟವಾದದ್ದು ಯಾವುದು? ಅತ್ತೆಗೂ ಮಜ್ಜಿಗೆ ಅನ್ನ ಬಿಟ್ಟರೆ ಬೇರೆ ನೆನಪಿರಲಿಲ್ಲ.

ಅದೇ ವಾರ ಬೆಳ್ಳಿ ಎಂಬ, ನೀಲಗಿರಿಯ ಬಡಗರ ಪೈಕಿಯ ರೈತ ಮಂಡಿಗೆ ಆಲೂಗಡ್ಡೆ ತಂದಿದ್ದ. ಅವನ ಹಟ್ಟಿ ಊರಾಚೆ ಗುಡ್ಡದ ಮೇಲೆ. ಬೀದಿಯಲ್ಲೇ ಹಾಲು ಸಿಗುತ್ತಿದ್ದರೂ ನಂಜಿ ದಿನಾ ಬೆಳಿಗ್ಗೆ ಆ ಹಟ್ಟಿಗೇ ಹತ್ತಿ ಹೋಗಿ ಹಾಲು ತರುತ್ತಿದ್ದಳು. ಅಲ್ಲಿನದು ಗಟ್ಟಿ ಹಾಲು, ಅದಕ್ಕೇ ಹೋಗುತ್ತಾಳೆ ಎಂದುಕೊಂಡಿದ್ದೆ. ಬೆಳ್ಳಿ ಹೇಳಿದ: "ಅಣ್ಣಾ, ನಿಮ್ಮ ಮನೆಯವರ ಹಾಲಿನ ಚೊಂಬು ನಮ್ಮಲ್ಲೇ ಉಳಿದಿದೆ. ಅಮ್ಮ ದಿನಾ ಕೇಳ್ತಾರೆ, ಯಾರೂ ಬರಲಿಲ್ಲವಲ್ಲ ಅಂತ."

ಮಾರನೆಯ ದಿನ ಜಟಕಾ ಮಾಡಿಕೊಂಡು ಹೋದೆ. ಸಡಕು ಮುಗಿದಲ್ಲಿ ಇಳಿದು, ಹೊಲಗಳ ನಡುವೆ ಸ್ವಲ್ಪ ದೂರ ಹತ್ತುವಷ್ಟರಲ್ಲಿ ಮೂರು ಕಡೆ ಕೂತೆ. ಮನೆಯ ಮುಂದೆ ಬಿಸಿಲಿಗೆ ಬೆಳ್ಳಿಯ ತಾಯಿ ಕೂತಿದ್ದರು. ಬಿಳಿಯ ಬಟ್ಟೆ, ಹಣೆಯ ಮೇಲೆ ಹಚ್ಚೆ. ಅಜ್ಜಿಯನ್ನು ಅಲ್ಲಿ ಹೆತ್ತೆ ಎನ್ನುತ್ತಾರೆ, ನಾನೂ ಹಾಗೇ ಕರೆದೆ. ಹಿರಿಯರ ಮುಂದೆ ತಲೆ ಬಗ್ಗಿಸಿದರೆ ಅವರು ಮುಟ್ಟಿ ಹರಸುವುದು ಅವರ ಕ್ರಮ. ನಾನು ಬಗ್ಗಲು ಹೋದೆ, ಹೊಟ್ಟೆ ಅಡ್ಡ ಬಂತು. ಹೆತ್ತೆ ಕೈ ಚಾಚಿ ತಲೆ ಮುಟ್ಟಿ, "ಒಂದಿದ್ದದ್ದು ಸಾವಿರವಾಗಲಿ" ಎಂದರು. ಆಮೇಲೆ, "ಹೊಟ್ಟೆ ಒಂದನ್ನು ಬಿಟ್ಟು" ಎಂದರು. ಅವರ ಮಾತು ಬಡಗ. ನನಗೆ ತಿಳಿದಷ್ಟನ್ನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

"ಗಾಡೀಲಿ ಬಂದೆಯಾ? ಅವಳು ಯಾವತ್ತೂ ಗಾಡೀಲಿ ಬರಲಿಲ್ಲ."

"ಹೆತ್ತೆ, ಅವಳು ಇಲ್ಲಿ ಏನಾದರೂ ತಿನ್ನುತ್ತಿದ್ದಳಾ? ಅವಳಿಗೆ ಏನು ಇಷ್ಟವಿತ್ತು?"

ನನ್ನ ಏದುಸಿರು ನಿಂತ ಮೇಲೆ ಅವರು ಹೇಳಿದರು: "ಕೆಂಡದಲ್ಲಿ ಸುಟ್ಟ ಆಲೂಗಡ್ಡೆ. ಸಿಪ್ಪೆ ಸಮೇತ, ಉಪ್ಪು ಹಚ್ಚಿಕೊಂಡು."

"ಇನ್ನೇನು?"

"ಇವತ್ತಿಗೆ ಅಷ್ಟೇ. ನಾಳೆ ನಡೆದು ಬಾ, ಇನ್ನೊಂದು ಹೇಳ್ತೀನಿ. ಗಾಡೀಲಿ ಬಂದರೆ ನನಗೆ ನೆನಪು ಬರೋದಿಲ್ಲ."

ಚೊಂಬನ್ನೂ ಕೊಡಲಿಲ್ಲ. ಆ ದಿನ ನಂಜಿಯ ಎಲೆಯ ಮೇಲೆ ಸುಟ್ಟ ಆಲೂಗಡ್ಡೆ ಬಡಿಸಿದೆ. ಒಬ್ಬಟ್ಟು ತರಲಿಲ್ಲ.

ಹೀಗೆ ನನ್ನ ನಡಿಗೆ ಶುರುವಾಯಿತು. ಬೆಳಿಗ್ಗೆ ಎದ್ದರೆ ಕಾಲು ನೋವು, ಹೊರಗೆ ಮಂಜು. ಬೇಡ ಅನ್ನಿಸುತ್ತಿತ್ತು. ಆದರೆ ಹೋಗದಿದ್ದರೆ ಇವತ್ತಿನ ಮಾತು ತಪ್ಪಿಹೋಗುತ್ತದಲ್ಲ ಎಂದು ಹೊರಡುತ್ತಿದ್ದೆ. ಬೆಳ್ಳಿ ಹಾಲಿನ ಕೋಣೆಯಿಂದ ಹಾಲು ತರುತ್ತಿದ್ದ. ಆ ಕೋಣೆಗೆ ಅವರಲ್ಲಿ ಹೆಂಗಸರು ಕಾಲಿಡುವುದಿಲ್ಲ. ಅವನು ಬರುವವರೆಗೆ ಹೆತ್ತೆ ಹೊರಗೆ ಕೂತು ಒಂದು ಮಾತು ಹೇಳುತ್ತಿದ್ದರು. ಅವಳಿಗೆ ಕಾಡುಸೊಪ್ಪಿನ ಸಾರು ಇಷ್ಟವಿತ್ತು. ಎಳೆ ಅವರೆಕಾಳು ಬೇಯಿಸಿದರೆ ಕೈಯಲ್ಲೇ ತಿನ್ನುತ್ತಿದ್ದಳು. ಸಾಮೆ ಅನ್ನಕ್ಕೆ ಮೊಸರು. ಹೊಸದು ಕೇಳಿದಾಗಲೆಲ್ಲ ಅದು ಎಲೆಯ ಮೇಲೆ ಬರುತ್ತಿತ್ತು, ಹಳೆಯದೊಂದು ಹೋಗುತ್ತಿತ್ತು. ಅದನ್ನೆಲ್ಲ ನಾನೇ ಬೇಯಿಸಲು ಕಲಿತೆ. ನಂಜಿಯ ಎಲೆ ಹಗುರವಾದ ಹಾಗೆ ನಾನೂ ಹಗುರವಾದೆ. ಮಂಡಿಯ ಮಾಲೀಕರು, "ಏನಯ್ಯಾ, ಗಾದಿ ಅಳ್ತಾ ಇದೆ, ಮೇಲಿದ್ದ ಗುಮಾಸ್ತ ಎಲ್ಲಿ ಹೋದ ಅಂತ" ಎಂದು ನಗುತ್ತಿದ್ದರು.

ಮಳೆ ಹಿಡಿದಾಗ ಸೋಮಾರಿತನ ಬಂತು. ಕೆಲವು ದಿನ ಹೋಗಲಿಲ್ಲ, ಜಿಲೇಬಿಯೂ ಮನೆಗೆ ಬಂತು. ಮತ್ತೆ ಹೋದಾಗ ಹೆತ್ತೆ ಏನೂ ಬೈಯಲಿಲ್ಲ. "ನಿನ್ನೆದು ಮೊನ್ನೆದು ಸೇರಿಸಿ ಕೇಳಬೇಡ. ಬಂದ ದಿನದ್ದು ಮಾತ್ರ" ಎಂದರು.

ಮಳೆಗಾಲ ಕಳೆದ ಮೇಲೆ ಒಂದು ದಿನ ಅವರು ಹೇಳಿದ್ದು ಇದು: "ಕರುಗಳನ್ನು ಕಂಡರೆ ಅವಳಿಗೆ ಹುಚ್ಚು. ಕುತ್ತಿಗೆ ತಬ್ಬಿಕೊಂಡು ಹಾಡು ಹೇಳೋಳು."

ನಾನು ತಲೆಯಾಡಿಸಿದೆ. ಇಳಿಯುವಾಗ ಕಾಲು ತಾನಾಗಿ ನಿಂತಿತು. ನಂಜಿಗೆ ಚಿಕ್ಕಂದಿನಲ್ಲಿ ಹಸು ಹಾಯ್ದಿತ್ತು. ಬೀದಿಯಲ್ಲಿ ಕರು ಬಂದರೂ ನನ್ನ ಬೆನ್ನ ಹಿಂದೆ ಅಡಗುತ್ತಿದ್ದಳು. ಅವಳು ಕರುವಿನ ಕುತ್ತಿಗೆ ತಬ್ಬುವುದೆ? ತಿರುಗಿ ಹತ್ತಿ ಹೋಗಿ, ಹೊಲದಲ್ಲಿದ್ದ ಬೆಳ್ಳಿಯನ್ನು ಕೇಳಿದೆ.

ಅವನು ಗುದ್ದಲಿ ಊರಿಕೊಂಡು ನಿಂತ. "ಅದು ನಮ್ಮ ಅಕ್ಕನ ಮಾತು ಅಣ್ಣಾ. ಮಾದಿ ಅಂತ ಹೆಸರು. ಹೆರಿಗೇಲಿ ಹೋದಳು, ಬಹಳ ವರ್ಷ ಆಯ್ತು. ಅಮ್ಮನಿಗೆ ಈಗ ಎರಡೂ ಕಲೆತುಹೋಗುತ್ತೆ. ನಿಮ್ಮ ಮನೆಯವರು ಬರ್ತಿದ್ದಾಗಲೂ ಒಮ್ಮೊಮ್ಮೆ 'ಮಾದೀ' ಅಂತ ಕೂಗೋರು."

"ನಂಜಿ ಏನು ಮಾಡುತ್ತಿದ್ದಳು?"

"'ಓ' ಅಂತಿದ್ದರು."

"ಹಾಗಾದರೆ ಸುಟ್ಟ ಆಲೂಗಡ್ಡೆ? ಸೊಪ್ಪಿನ ಸಾರು? ಅದೆಲ್ಲ ಯಾರದು?"

ಬೆಳ್ಳಿ ಗುದ್ದಲಿಗೆ ಅಂಟಿದ ಮಣ್ಣು ಕೆರೆದ. "ಇಬ್ಬರೂ ತಿಂತಿದ್ದರೇನೋ. ನನಗೆ ಸರಿಯಾಗಿ ಹೇಳೋಕಾಗಲ್ಲ."

ಮನೆಗೆ ಬಂದು ಎಲೆ ಹಾಕಿ ಕೂತೆ. ಏನು ಬಡಿಸಬೇಕೋ ಗೊತ್ತಾಗಲಿಲ್ಲ. ಇಷ್ಟು ತಿಂಗಳು ಯಾರಿಗೆ ಎಡೆ ಇಟ್ಟೆ? ಕಾಣದ ಯಾವುದೋ ಹೆಣ್ಣುಮಗಳಿಗೆ ಇಟ್ಟು, ನನ್ನವಳನ್ನು ಹಸಿದು ಕೂರಿಸಿದೆನೆ? ಒಬ್ಬಟ್ಟು ಅಲ್ಲ ಎಂದು ಅತ್ತೆ ಹೇಳಿದರು. ಒಬ್ಬಟ್ಟು ಎಂದು ನಂಜಿಯೇ ಹೇಳಿದ್ದಳು. ಉಳಿದದ್ದು ಮಾದಿಯದೋ ನಂಜಿಯದೋ ತಿಳಿಯದು. ಆ ದಿನ ಎಲೆಯ ಮೇಲೆ ಒಂದು ಲೋಟ ನೀರು ಮಾತ್ರ ಇಟ್ಟೆ. ಹಟ್ಟಿಗೆ ಹೋಗುವುದನ್ನೂ ಬಿಟ್ಟೆ. ಮತ್ತೆ ಹೋಟೆಲಿನ ಪೊಟ್ಟಣ ಮನೆಗೆ ಬರತೊಡಗಿತು. ಮಂಡಿಯ ಮುಂದಿನ ಏರಿನಲ್ಲಿ ಎದೆ ಹಿಡಿದುಕೊಂಡಾಗ ಡಾಕ್ಟರ ಮಾತು ನೆನಪಾಗುತ್ತಿತ್ತು, ಆದರೆ ಕಾಲೇ ಏಳುತ್ತಿರಲಿಲ್ಲ.

ಬೆಳ್ಳಿ ಮಂಡಿಗೆ ಬಂದಾಗ ನನ್ನ ಹತ್ತಿರ ನಿಂತ. "ಅಮ್ಮ ಕೇಳ್ತಾ ಇದಾರೆ. ಅವಳ ಗಂಡ ಯಾಕೆ ಬರಲಿಲ್ಲ, ಅಂತ."

"ಯಾರ ಗಂಡ?"

"ಅದನ್ನ ಅವರು ಹೇಳಲಿಲ್ಲ ಅಣ್ಣಾ. ಬೆಳಿಗ್ಗೆಯಿಂದ ದಾರಿ ನೋಡ್ತಾ ಹೊರಗೇ ಕೂತಿರ್ತಾರೆ. ಗಾಳಿ ಬೇರೆ."

ಆ ಮಾತು ಕೇಳಿ ಮಾರನೆಯ ಬೆಳಿಗ್ಗೆ ಹೊರಟೆ. ನಡುವೆ ಒಂದು ಕಡೆ ಮಾತ್ರ ಕೂತೆ. ಹೆತ್ತೆ ಕಂಬಳಿ ಹೊದ್ದು ಅಲ್ಲೇ ಇದ್ದರು. ನಾನು ಬಗ್ಗಿದೆ, ಹೊಟ್ಟೆ ಅಷ್ಟು ಅಡ್ಡ ಬರಲಿಲ್ಲ. ಅವರ ಕೈ ತಲೆಯ ಮೇಲೆ ತಣ್ಣಗಿತ್ತು. ನಾನು ಏನೂ ಕೇಳಲಿಲ್ಲ, ಅವರೇ ಹೇಳಿದರು.

"ಬೀದೀಲಿ ಹಾಲು ಸಿಗೋದಿಲ್ಲವಾ, ಯಾಕೆ ಇಷ್ಟು ದೂರ ಹತ್ತಿ ಬರ್ತೀಯ ಅಂತ ಒಂದು ದಿನ ಕೇಳಿದೆ. 'ನಮ್ಮೆಜಮಾನರು ನಡೆಯೋದೇ ಇಲ್ಲ ಹೆತ್ತೆ, ಅವರ ಪಾಲಿನದನ್ನೂ ನಾನೇ ನಡೀತೀನಿ' ಅಂದಳು. ನಕ್ಕು ನಕ್ಕು ಹಾಲು ಚೆಲ್ಲಿದಳು."

ಇದು ನಂಜಿಯ ಮಾತೇ, ಮಾದಿಯದಲ್ಲ. ಗುಡ್ಡದ ಹಟ್ಟಿಯಲ್ಲಿ ನಡೆಯದ ಗಂಡ ಎಲ್ಲಿರುತ್ತಾನೆ? ಆದರೆ ಗುಡ್ಡ ಇಳಿಯುವಾಗ ಮತ್ತೆ ಅನುಮಾನ ಬಂತು. ನನ್ನನ್ನು ನಡೆಸಲೆಂದೇ ಹೆತ್ತೆ ಕಟ್ಟಿದ ಮಾತಿರಬಹುದೆ? ಬೆಳ್ಳಿಯನ್ನು ಕೇಳಬಹುದಿತ್ತು. ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ.

ಆಮೇಲೆ ನಾನು ನಡೆಯುವುದನ್ನು ಬಿಡಲಿಲ್ಲ. ಮುಂದಿನ ಸಲ ಡಾಕ್ಟರು ಕೊಳವೆ ಇಟ್ಟು ನೋಡಿ, "ಪರವಾಗಿಲ್ಲವೇ! ಏನು ಮಾಡಿದಿರಿ?" ಎಂದರು. ಏನು ಹೇಳಬೇಕೋ ತಿಳಿಯದೆ "ಹಾಲಿಗೆ ಹೋಗುತ್ತೇನೆ ಸ್ವಾಮಿ" ಎಂದೆ.

ಹೆತ್ತೆ ಹೋದ ವರ್ಷ ತೀರಿಕೊಂಡರು. ಕೊನೆಕೊನೆಗೆ ಅವರು ಹೇಳುತ್ತಿದ್ದುದರಲ್ಲಿ ನಂಜಿಯದು ಯಾವುದು, ಮಾದಿಯದು ಯಾವುದು ಎಂದು ನಾನು ಬೇರೆ ಮಾಡಲು ಹೋಗುತ್ತಿರಲಿಲ್ಲ. ಬೆಳ್ಳಿ ಚೊಂಬನ್ನು ಕೈಗೆ ಕೊಟ್ಟ. ಈಗಲೂ ಅದನ್ನೇ ಹಿಡಿದು ಹತ್ತಿ ಹೋಗುತ್ತೇನೆ. ಹೊರಗೆ ಕೂತು ಹೇಳುವವರು ಯಾರೂ ಇಲ್ಲ. ಬೆಳ್ಳಿ ಹಾಲು ತರುವವರೆಗೆ ಅವರು ಕೂರುತ್ತಿದ್ದ ಜಾಗದ ಪಕ್ಕದಲ್ಲಿ ಕೂರುತ್ತೇನೆ.

ಎಡೆಯನ್ನು ಈಗ ಅಮಾವಾಸ್ಯೆಗೆ ಮಾತ್ರ ಇಡುತ್ತೇನೆ. ಕೆಂಡದಲ್ಲಿ ಸುಟ್ಟ ಆಲೂಗಡ್ಡೆ, ಸ್ವಲ್ಪ ಸೊಪ್ಪಿನ ಸಾರು, ಮಜ್ಜಿಗೆ ಅನ್ನ. ಅವಳು ಹೇಳಿದ್ದೇ ನಿಜವಾಗಿದ್ದರೆ ಎಂದು ಮೂಲೆಯಲ್ಲಿ ಒಂದು ಚೂರು ಒಬ್ಬಟ್ಟು. ದೀಪ ಹಚ್ಚಿ, ಬಾಗಿಲು ಮುಂದೆ ಮಾಡಿಕೊಂಡು ಜಗಲಿಯ ಮೇಲೆ ಕೂರುತ್ತೇನೆ. ಒಮ್ಮೊಮ್ಮೆ ಒಳಗೆ ಯಾರೋ ಇದ್ದಾರೆ ಅನ್ನಿಸುತ್ತದೆ. ಕೂಗಿ ನೋಡೋಣ ಎನ್ನಿಸಿದರೂ, ಯಾವ ಹೆಸರು ಹಿಡಿದು ಕೂಗಬೇಕೋ ತಿಳಿಯದೆ ಸುಮ್ಮನಿರುತ್ತೇನೆ. ಯಾವ ಹೆಸರಿಗಾದರೂ ನಂಜಿ "ಓ" ಎನ್ನುತ್ತಿದ್ದಳಂತೆ.